ಅಣ್ಣನ ಮಾತಿನ ಪೆಟ್ಟಿಗೆ

ಗಂಟಲಿನ ಆಪರೇಶನ್ ಆದಮೇಲೆ ಅಣ್ಣನ ದನಿ ಹೋಯಿತು. ಸವದತ್ತಿಯಿಂದ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. "ಮನೋಳಿ, ಯರಗಟ್ಟಿ, ನೇಸರಗಿ!" ಎಂದು ಅವನು ಕೂಗಿದರೆ ತೂಕಡಿಸುತ್ತಿದ್ದವರೂ ಎದ್ದು ತಮ್ಮ ಗಂಟು ಹುಡುಕುತ್ತಿದ್ದರು. ಈಗ ಅವನ ಕೈಯೂ ನಡುಗುತ್ತಿತ್ತು. ಕಾಗದದ ಮೇಲೆ ಬರೆದದ್ದನ್ನು ಅವನೇ ಓದಲಾರ, ಫೋನಿನ ಸಣ್ಣ ಅಕ್ಷರಗಳು ಬೆರಳಿಗೆ ಸಿಗವು. ಅದಕ್ಕೇ ನನ್ನ ಹಳೆಯ ಕಂಪ್ಯೂಟರನ್ನು ಅವನ ಮುಂದಿಟ್ಟೆ. ಒಂದೊಂದೇ ಕೀಲಿ ಒತ್ತಿ, ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮಾತಾಡಲು ಕಲಿತ. ಅವ್ವನಿಗೆ ಓದಲು ಬಾರದು. ಏನೇ ಮೂಡಿದರೂ "ಏನಂತಾನ?" ಎಂದು ಕೇಳುವಳು, ನಾನು ಓದಿ ಹೇಳುವೆ.

ಮೂರು ತಿಂಗಳಿಗೆ ಆ ಕಂಪ್ಯೂಟರು ಕೈಕೊಟ್ಟಿತು. ಹತ್ತು ನಿಮಿಷ ನಡೆದು ಪಟ್ಟನೆ ಆರಿಹೋಗುವುದು, ಅದೂ ಅಣ್ಣನ ಮಾತಿನ ನಟ್ಟನಡುವೆ. ವೈರು ಬದಲಿಸಿದೆ, ಪ್ಲಗ್ಗು ಬದಲಿಸಿದೆ. ವೈರಸ್ಸಿರಬಹುದೆಂದು ಅರ್ಧ ದಿನ ಹುಡುಕಿದೆ. ಹುಡುಕಾಟ ಮುಗಿಯುವ ಮೊದಲೇ ಅದು ಆರುತ್ತಿತ್ತು. ಪೇಟೆಯ ರಿಪೇರಿಯವನು ವಿಂಡೋಸ್ ಹೊಸದಾಗಿ ಹಾಕಿ, ಎರಡು ನಿಮಿಷ ನಡೆಸಿ ತೋರಿಸಿ, "ಚಲೋ ನಡದೈತಲ್ರಿ, ಒಯ್ರಿ" ಎಂದ. ಮನೆಗೆ ತಂದರೆ ಮತ್ತದೇ ರಾಗ. ನನಗೆ ಪಿತ್ತ ನೆತ್ತಿಗೇರಿತು.

"ನೀನ ಏನರೆ ಒತ್ತಿರಬೇಕು! ಎಷ್ಟ ಸಲ ಹೇಳಬೇಕ ನಿನಗ?" ಎಂದು ಅಣ್ಣನ ಮೇಲೆ ಹರಿಹಾಯ್ದೆ.

ಅವನು ಕೀಲಿಮಣೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಕೈ ಮಡಿಚಿ ಕುಳಿತ. ಎರಡು ದಿನ ಅದನ್ನು ಮುಟ್ಟಲಿಲ್ಲ. ಊಟ ಸಾಕೇ, ಬೇಕೇ ಎಂದರೂ ತಲೆ ಅಲ್ಲಾಡಿಸುವುದಷ್ಟೇ. ಮನೆಯಲ್ಲಿ ಇನ್ನೊಮ್ಮೆ ದನಿ ಹೋದ ಹಾಗಾಯಿತು.

ಮೂರನೆಯ ದಿನ ಬೆಳಿಗ್ಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಹೊರಗಿನ ಕಟ್ಟೆಗೆ ತಂದು, ಧೈರ್ಯ ಮಾಡಿ ಸ್ಕ್ರೂ ಬಿಚ್ಚಿದೆ. ಒಳಗೆ ಫ್ಯಾನಿನ ಎಲೆಗಳ ನಡುವೆ ಹಳದಿ ಪುಡಿ ಮೆತ್ತಿಕೊಂಡಿತ್ತು. ಎಲ್ಲಮ್ಮನ ಭಂಡಾರ, ಪೂಜೆಯ ಅರಿಶಿನ! ಫ್ಯಾನು ತಿರುಗದೆ, ಒಳಗೆ ಕಾದು ಕಾದು ಕಂಪ್ಯೂಟರು ತಾನೇ ಆರುತ್ತಿತ್ತು.

ಯಾರ ಕೆಲಸವೆಂದು ಕೇಳಬೇಕಿರಲಿಲ್ಲ. ಮಂಗಳವಾರ, ಶುಕ್ರವಾರ ಪೂಜೆ ಮುಗಿಸಿ ಅವ್ವ ಬರುವಳು. ಒಂದು ಚಿಟಿಕೆ ಭಂಡಾರ ಅಣ್ಣನ ಗಂಟಲಿಗೆ, ಇನ್ನೊಂದು ಚಿಟಿಕೆ ಪೆಟ್ಟಿಗೆಯ ಮೇಲಿನ ಜಾಲರಿಗೆ. "ಈಗ ಇದ ಅವನ ಗಂಟಲ ಅಲ್ಲೇನೋ?" ಎನ್ನುವಳು. ಅದೇ ಭಂಡಾರವನ್ನು ಹಣೆಗೆ ಹಚ್ಚಿಸಿಕೊಂಡು ಕೂತು ನಾನು ವೈರು ಬದಲಿಸಿದ್ದೆ. ಅಣ್ಣನಿಗೆ ಅಂದ ಮಾತು ನೆನೆದು ನಾಚಿಕೆಯಾಯಿತು.

ಬ್ರಶ್ಶಿನಿಂದ ಪುಡಿ ತೆಗೆದು, ಅಣ್ಣನಿಗೂ ಅದನ್ನು ತೋರಿಸಿ, ಪೆಟ್ಟಿಗೆಯನ್ನು ಮತ್ತೆ ಮೇಜಿಗೆ ತಂದು ಜೋಡಿಸಿ ಚಾಲೂ ಮಾಡಿದೆ. ಹತ್ತು ನಿಮಿಷ ದಾಟಿತು, ಅರ್ಧ ತಾಸು ದಾಟಿತು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏನಾಗಿತ್ತೋ ಅದಕ?"

"ಏನಾಗಿತ್ತಾ?" ಎಂದು ನಾನು ದನಿ ಏರಿಸುವಷ್ಟರಲ್ಲಿ ಅಣ್ಣ ಮೇಜು ಬಡಿದ. ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡ. ನಡುಗುವ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ. ಅವ್ವ, ನಾನು ಇಬ್ಬರೂ ಪರದೆ ನೋಡುತ್ತ ನಿಂತೆವು.

'ಅವ್ವಗ ಹೇಳಬ್ಯಾಡ. ಪೆಟ್ಟಿಗಿ ಕಪಾಟದ ಮ್ಯಾಲ ಇಡು.'

"ಏನಂತಾನ?" ಎಂದಳು ಅವ್ವ.

"ಚಾ ಬೇಕಂತ."

"ಈಗರೆ ಕುಡದಾನಲ್ಲ!" ಎಂದು ಗೊಣಗಿದಳು, ಆದರೆ ಮುಖ ಅರಳಿತ್ತು. ಅವಳು ಒಳಗೆ ಹೋದಮೇಲೆ ನಾನು ಪೆಟ್ಟಿಗೆಯನ್ನು ಎತ್ತಿ ಕಪಾಟಿನ ಮೇಲಿಟ್ಟೆ.

ಮಂಗಳವಾರ ಅವ್ವ ಭಂಡಾರ ಹಿಡಿದು ಬಂದಳು. ಕಪಾಟಿನತ್ತ ಕೈ ಚಾಚಿದಳು, ನಿಲುಕಲಿಲ್ಲ. ನನ್ನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದಳು. ಎರಡೂ ಚಿಟಿಕೆಯನ್ನು ಅಣ್ಣನ ಗಂಟಲಿಗೇ ಹಚ್ಚಿದಳು.