ಹವಳಕ್ಕೆ ಲಾರಿ ಲೈಟು

ಅದಿರಿನ ಲಾರಿಗಳು ಬಳ್ಳಾರಿಯನ್ನೆಲ್ಲ ಕೆಂಪಾಗಿಸಿದ್ದ ಕಾಲ. ನಮ್ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಬೆಳೆಸಲು ನೀಲಿ ಎಲ್‌ಇಡಿ ಬೇಕಿತ್ತು. ಪರದೇಶದ ಲೈಟು ನನ್ನ ಕೈಗೆಟುಕದ್ದು. ಸಿರುಗುಪ್ಪ ರಸ್ತೆಯಲ್ಲಿ ಲಾರಿಗಳಿಗೆ ನೀಲಿ ಲೈಟು ಕೂರಿಸುತ್ತಿದ್ದ ಖಾದರ್‌ಸಾಬರ ಬಳಿ ಹೋದೆ.

"ಲಾರಿ ಎಲ್ಲೈತ್ರಿ?" ಎಂದರು.

"ಲಾರಿಗಲ್ರಿ, ಮೀನಿನ ಟ್ಯಾಂಕಿಗೆ. ಹವಳ ಬೆಳೀಬೇಕು."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹವಳ ಅಂದ್ರ ಉಂಗುರದ ಕಲ್ಲಲ್ಲೇನ್ರಿ? ಕಲ್ಲು ಬೆಳೀತೈತೇನು?"

ಆದರೂ ಸಂದುಗಳಿಗೆಲ್ಲ ಅಂಟು ಮೆತ್ತಿ, ಲೈಟಿನ ಪಟ್ಟಿ ಮಾಡಿಕೊಟ್ಟರು. "ಅದಿರಿನ ಧೂಳೇ ಒಳಗ ಹೋಗಂಗಿಲ್ಲ, ಉಪ್ಪು ಏನ್ ಮಾಡ್ತೈತಿ?"

ಗಣಿಗಳು ಬಂದ್ ಆಗಿ ಲಾರಿಗಳು ತುಕ್ಕು ಹಿಡಿದು ನಿಂತ ಮೇಲೆ ಒಮ್ಮೆ ಖಾದರ್‌ಸಾಬರು ನಮ್ಮನೆಗೆ ಬಂದರು. ನೀಲಿ ಬೆಳಕಿನಲ್ಲಿ ಅರಳಿದ ಹವಳವನ್ನು ನೋಡುತ್ತ ಬಹಳ ಹೊತ್ತು ಕೂತರು.

"ನಾ ಲೈಟು ಹಾಕಿದ ಲಾರಿಗಳೊಳಗ ಇದೊಂದ ಇನ್ನಾ ಓಡಾಕತ್ತೈತಿ ನೋಡ್ರಿ."