ಕನ್ನಡಿಯಲ್ಲಿ ಕಂಡ ಅರಮನೆ

ಇಲವಾಲದ ಪ್ರಭುಸ್ವಾಮಿಯವರು ಎಲ್ಲಿಗೆ ಹೋದರೂ ಮೊದಲು ನೋಡಿಕೊಳ್ಳುವುದು ಹೊರಗೆ ಬರುವ ದಾರಿಯನ್ನು. ಮದುವೆಮನೆಯಲ್ಲಿ ಗಟ್ಟಿಮೇಳಕ್ಕೆ ಮುಂಚೆಯೇ ಕೈಯ ಅಕ್ಷತೆಯನ್ನು ಪಕ್ಕದವರ ಕೈಗೆ ಸುರಿದು ಎದ್ದುಬಿಡುತ್ತಾರೆ. ಸಿನಿಮಾದ ನಾಯಕ ನಿರಪರಾಧಿ ಎಂದು ಗೊತ್ತಾಗುವ ಹೊತ್ತಿಗೆ ಇವರು ಸ್ಕೂಟರಿನ ಸ್ಟ್ಯಾಂಡ್ ತೆಗೆದಾಗಿರುತ್ತದೆ. ಮಗಳಿಗೆ ಬಹುಮಾನ ಬಂದ ದಿನವೂ ಚಪ್ಪಾಳೆ ಕೇಳಿಸಿಕೊಂಡದ್ದು ಗೇಟಿನ ಆಚೆ ನಿಂತೇ. "ಏಳಮ್ಮಿ, ಜನ ಎದ್ಬುಟ್ರೆ ಗಾಡಿ ತೆಗೆಯಕ್ಕಾಗಲ್ಲ" ಎಂಬ ಮಾತಿಗೆ ಹೆಂಡತಿ ಶಿವನಾಗಮ್ಮ ಮೂವತ್ತೆಂಟು ವರ್ಷ ಸೆರಗು ಸರಿಮಾಡಿಕೊಂಡು ಎದ್ದಿದ್ದಾರೆ. ಭಾನುವಾರ ಸಂಜೆ ದೀಪಾಲಂಕಾರ ನೋಡಲೆಂದು ಅರಮನೆಯ ಮುಂದೆ ಕೂತರೂ ಅಷ್ಟೇ, ದೀಪ ಹತ್ತಲು ಐದು ನಿಮಿಷವಿರುವಾಗಲೇ ಹೊರಟು, ಹತ್ತಿದ ದೀಪವನ್ನು ಸ್ಕೂಟರಿನ ಕನ್ನಡಿಯಲ್ಲಿ ನೋಡಿ, "ಕಾಣ್ತಲ್ಲ, ಇನ್ನೇನು?" ಎನ್ನುತ್ತಾರೆ. ಹಿಂದೆ ಕೂತವರಿಗೆ ಆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಶಿವನಾಗಮ್ಮನವರ ಕಣ್ಣಿನ ನರ ಸೋಲುತ್ತಿದೆ, ಇನ್ನು ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ ವಾರ, ಅರಮನೆಯ ಮುಂದೆ ಕೂತ ಆಕೆ ಏಳಲಿಲ್ಲ. "ನೀವೋಗಿ ಗಾಡಿ ತೆಗೀರಿ. ಕಣ್ಣು ಕಾಣೋವಾಗ್ಲೇ ಒಂದ್ಸಲ ನೋಡ್ಬುಡ್ತೀನಿ" ಎಂದರು. ಪ್ರಭುಸ್ವಾಮಿಯವರೂ ಪಕ್ಕದಲ್ಲಿ ಕೂತುಬಿಡಬಹುದಿತ್ತು. ಆದರೆ ಕಾಲು ಆಗಲೇ ಗೇಟಿನ ಕಡೆ ನಡೆದಿತ್ತು. ಗಾಡಿ ಸಲೀಸಾಗಿ ಹೊರಗೆ ಬಂತು, ರಸ್ತೆ ಖಾಲಿಯಿತ್ತು. ಹಿಂದೆ ದೀಪಗಳೆಲ್ಲ ಒಮ್ಮೆಗೇ ಹತ್ತಿದವು, ಜನ ಹೋ ಎಂದರು. ಪ್ರಭುಸ್ವಾಮಿಯವರು ಕನ್ನಡಿಯನ್ನು ಆಚೀಚೆ ತಿರುಗಿಸಿದರು. ಅರಮನೆ ಇಡಿಯಾಗಿ ಸಿಕ್ಕಿತು, ಅದನ್ನು ನೋಡುತ್ತಿದ್ದ ಮುಖ ಸಿಗಲಿಲ್ಲ.