ಅತ್ತೆಯೂ ನಾನೂ ಕಮಾನಾದದ್ದು

ಸಂಡೂರಿನ ಗುಡ್ಡ ಅಗೆದಷ್ಟೂ ಹೊಸಪೇಟೆಯಲ್ಲಿ ಮನೆಗಳು ಏಳುತ್ತಿದ್ದ ಕಾಲ. ಅದಿರು ಲಾರಿ ಇದ್ದವರೆಲ್ಲ ಮನೆ ಕಟ್ಟಿಸುವ ಹುಚ್ಚಿಗೆ ಬಿದ್ದಿದ್ದರು. ನಾನು ಅಲ್ಲೇ ಒಂದು ಆಫೀಸಿನಲ್ಲಿ ಆರ್ಕಿಟೆಕ್ಟ್, ಕೆಲಸವೆಂದರೆ ಪ್ರಾಣ. ಆಗ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯಿಂದ ಸಂಬಂಧ ಬಂತು. ಹುಡುಗ ನೋಡಿದ ತಕ್ಷಣ ಹಿಡಿಸಿದ. ಅವನ ತಾಯಿ ಮಾತ್ರ ಉಪ್ಪಿಟ್ಟಿನ ತಟ್ಟೆ ಕೆಳಗಿಡುವ ಮೊದಲೇ ಕೇಳಿಬಿಟ್ಟರು.

“ಕಟ್ಟಾಕ ಮೇಸ್ತ್ರಿ ಇರ್ತಾನ. ನಡುವ ನಿಂದೇನವ್ವಾ ಕೆಲ್ಸ? ಮದುವಿ ಆದಮ್ಯಾಲೆ ಬಿಟ್ಟುಬಿಡು.”

ನನಗೆ ಮೈಯೆಲ್ಲ ಉರಿಯಿತು. ಉತ್ತರವಾಗಿ ಇಂಗ್ಲಿಷಿನಲ್ಲಿ ಏನೇನೋ ಒದರಿದೆ, ಅವರು ಆಕಳಿಸಿದರು. “ಹಂಪಿಗೆ ಬರ್ರಿ, ನನ್ನ ಕೆಲ್ಸ ಏನಂತ ತೋರಿಸ್ತೀನಿ” ಎಂದುಬಿಟ್ಟೆ.

ಮುಂದಿನ ಭಾನುವಾರ ಎರಡೂ ಮನೆಯವರು ಕಮಲ ಮಹಲಿನ ಮುಂದೆ ನಿಂತಿದ್ದೆವು.

“ಈ ಕಮಾನು ಯಾಕ ಬೀಳಂಗಿಲ್ಲ ಹೇಳ್ರಿ?”

“ಗಾರಿ ಗಟ್ಟಿ ಐತಿ,” ಎಂದರು ಹುಡುಗನ ತಾಯಿ.

ಇದು ಬಾಯಿಯಿಂದ ಆಗುವ ಕೆಲಸವಲ್ಲ ಎನಿಸಿತು. ಚಪ್ಪಲಿ ಕಳಚಿ ಅವರೆದುರು ನಿಂತು ಎರಡೂ ಅಂಗೈ ಚಾಚಿದೆ. “ಕೈಗೆ ಕೈ ಕೊಡ್ರಿ ಅಮ್ಮಾ. ಈಗ ಕಾಲು ಹಿಂದಕ ಸರಸ್ರಿ. ಭಾರ ಎಲ್ಲಾ ನನ್ನ ಮ್ಯಾಲೆ ಬಿಡ್ರಿ.”

ಜರಿಯಂಚಿನ ಸೀರೆಯ ಆ ದಪ್ಪ ಹೆಂಗಸು ನಿಜಕ್ಕೂ ಬಿಟ್ಟರು! ಇಬ್ಬರೂ ಒಬ್ಬರ ಮೇಲೊಬ್ಬರು ವಾಲಿ ಕಮಾನಾದೆವು. ಅಷ್ಟರಲ್ಲಿ ಹುಲ್ಲಿನ ಮೇಲೆ ಕಾಲು ಜಾರತೊಡಗಿತು. “ನೋಡ್ರಿ, ಕಮಾನು ಪಕ್ಕಕ್ಕ ನೂಕ್ತೈತಿ! ಗ್ವಾಡಿ ಬೇಕು, ಗ್ವಾಡಿ!” ಎಂದು ಕಿರುಚಿದೆ. ಅಪ್ಪ ಓಡಿಬಂದು ಗೋಡೆಯಂತೆ ನನ್ನ ಹಿಮ್ಮಡಿಗೆ ಪಾದ ಅಡ್ಡ ಕೊಟ್ಟರು, ಗಿರಣಿ ಯಜಮಾನರು ತಮ್ಮ ಹೆಂಡತಿಯ ಹಿಮ್ಮಡಿಗೆ. ಹುಡುಗನಿಗೆ, “ನೀವು ನಮ್ಮ ಕೈ ಮ್ಯಾಲಿಂದ ಒತ್ರಿ” ಎಂದೆ. ಅವನು ಒತ್ತಿದಷ್ಟೂ ನಮ್ಮ ಅಂಗೈಗಳು ಬಿಗಿಯಾದವು.

ಕಾವಲುಗಾರ ಸೀಟಿ ಊದಿದ. ಫಾರಿನ್ನವರು ಫೋಟೊ ಹೊಡೆದರು. ತಾಯಿಗೆ ನಗು ತಡೆಯಲಾಗದೆ ಹೊಟ್ಟೆ ಕುಣಿಯತೊಡಗಿತು, ಆ ನಗು ಕೈಗಳಿಂದ ಇಳಿದು ನನ್ನನ್ನೂ ಅಲ್ಲಾಡಿಸಿತು. ಅಷ್ಟು ಖುಷಿ ನಾನು ನಕ್ಷೆ ಬರೆದ ಯಾವ ಮನೆಯೂ ನನಗೆ ಕೊಟ್ಟಿಲ್ಲ.

“ನಾ ಈಗ ಸರದ್ರ?” ಎಂದರು.

“ನಾ ಬೀಳ್ತೀನ್ರಿ. ನೀವೂ ಬೀಳ್ತೀರಿ.”

ಅವರು ಕತ್ತೆತ್ತಿ ಮಹಲಿನ ಕಮಾನನ್ನು ಒಂದು ಗಳಿಗೆ ನೋಡಿದರು.

“ಭಾರ ಎತ್ತಾಗ ಹೋಗ್ತೈತಿ ಅಂತ ಯಾವ ಮೇಸ್ತ್ರಿನೂ ನನಗ ಹೇಳಿಲ್ಲ. ಕೆಲ್ಸ ಬಿಡಬ್ಯಾಡವ್ವಾ,” ಎಂದರು, ಏದುಸಿರು ಬಿಡುತ್ತ. “ನಮ್ಮ ಹೊಸಾ ಗೋದಾಮಿಗೂ ಹಿಂತಾದೊಂದು ಹಾಕು. ಯಾರರ ಕೇಳಿದ್ರ ನಾನ ನಿಂತು ತೋರಿಸ್ತೀನಿ.”